ರೇಡಾರಿಗೆ ಸಿಗದ ಬೂದಿ

2025ರ ನವೆಂಬರಿನಲ್ಲಿ ಇಥಿಯೋಪಿಯಾದ ಹೈಲಿ ಗುಬ್ಬಿ ಜ್ವಾಲಾಮುಖಿ ಸಿಡಿದಾಗ, ಪೈಲಟ್ ಆದ ನಾನು ರಜೆಯ ಮೇಲೆ ವಿರಾಜಪೇಟೆಯಲ್ಲಿದ್ದೆ. ಹುತ್ತರಿಗೆ ಗಲ್ಫಿನಿಂದ ಬರಬೇಕಾದವರ ಮನೆಗಳಿಂದ ಒಂದೇ ಸಮನೆ ಫೋನ್. ಬೂದಿಯ ಕಾರಣಕ್ಕೆ ಕಣ್ಣೂರಿನಿಂದ ಅಬುಧಾಬಿಗೆ ಹೊರಟ ವಿಮಾನ ಅಹಮದಾಬಾದಿಗೆ ತಿರುಗಿದ ಸುದ್ದಿ ಬೇರೆ. "ಮಾಕುಟ್ಟ ಘಾಟಿಯ ಮಂಜಲ್ಲೇ ನಾವು ಜೀಪು ಇಳಿಸ್ತೀವಿ. ನಿಮ್ಗೆ ರೇಡಾರ್ ಇದೆ ಅಲ್ವಾ?" ಅಂದರು ಚಿಕ್ಕಪ್ಪ.

ಇದೆ. ಆದರೆ ಅದು ಹಿಡಿಯುವುದು ಮಳೆಹನಿಗಳನ್ನು. ಬೂದಿಯ ಕಣ ತೀರಾ ಸಣ್ಣದು, ಪರದೆಯಲ್ಲಿ ಏನೂ ಬರುವುದಿಲ್ಲ. ರಾತ್ರಿ ಕಣ್ಣಿಗೂ ಕಾಣುವುದಿಲ್ಲ. ಹಾಗಾಗಿ ಮುಖ್ಯ ಕೆಲಸವೆಲ್ಲ ಹೊರಡುವ ಮುಂಚೆಯೇ ಮುಗಿಯಬೇಕು.

ಬಾಲಿ ಕಡೆ ಹೋಗುವಾಗ ನಾನು ಮೊದಲು ನೋಡುವುದು ಆಸ್ಟ್ರೇಲಿಯಾದ ಡಾರ್ವಿನ್‌ನಲ್ಲಿ ಜ್ವಾಲಾಮುಖಿ ಬೂದಿಯ ಮೇಲೆ ಕಣ್ಣಿಡುವ ಕೇಂದ್ರದ ಸೂಚನೆ. ಜಗತ್ತಿನಲ್ಲಿ ಇಂಥ 9 ಕೇಂದ್ರಗಳಿವೆ. ಬೂದಿ ಈಗ ಎಲ್ಲಿದೆ, ಎಷ್ಟು ಎತ್ತರಕ್ಕೆ ಹೋಗಿದೆ, 6, 12, 18 ಗಂಟೆ ಬಿಟ್ಟು ಎಲ್ಲಿರುತ್ತದೆ ಅಂತ ಅಕ್ಷಾಂಶ, ರೇಖಾಂಶದ ಸಮೇತ ಬರೆದಿರುತ್ತಾರೆ. ಆ ಬಿಂದುಗಳನ್ನು ನಕ್ಷೆಯ ಮೇಲೆ ಗುರುತು ಹಾಕಿ ಗೆರೆ ಸೇರಿಸುತ್ತೇನೆ. ನಮ್ಮ ದಾರಿ ಅದರೊಳಗೆ ಬಿದ್ದರೆ, ಗಾಳಿ ಬೀಸಿಬರುವ ಕಡೆಯಿಂದ ಸುತ್ತಿ ಹೋಗುವ ದಾರಿ ಕೇಳುತ್ತೇನೆ. ಇಂಧನ ಜಾಸ್ತಿ ಹಾಕಿಸುತ್ತೇನೆ. ಮೇಲಿಂದ ದಾಟಿದರಾಯ್ತು ಅಂತ ಕೆಲವರು ಸುಮ್ನೆ ಹೇಳಿಬಿಡುತ್ತಾರೆ. ಹೈಲಿ ಗುಬ್ಬಿಯ ಬೂದಿ ಸುಮಾರು 14 ಕಿ.ಮೀ. ಏರಿತ್ತು. ನಾವು ಹಾರುವುದು 10-12 ಕಿ.ಮೀ. ಎತ್ತರದಲ್ಲಿ.

ಈ ಬೂದಿ ಗಾಜು ಮತ್ತು ಕಲ್ಲಿನ ಪುಡಿ. ಎಂಜಿನ್ನಿನ ಬಿಸಿಗೆ ಕರಗಿ, ಟರ್ಬೈನ್ ಹತ್ತಿರದ ಅಲಗುಗಳಿಗೆ ಬೆಲ್ಲದ ಪಾಕದ ಹಾಗೆ ಅಂಟಿಕೊಳ್ಳುತ್ತದೆ. ಗಾಳಿಯ ದಾರಿ ಕಟ್ಟಿ ಎಂಜಿನ್ ಆರಿಹೋಗುತ್ತದೆ. 1982ರ ಜೂನ್ 24ರ ರಾತ್ರಿ ಜಾವಾದ ಗಲುಂಗುಂಗ್ ಬಳಿ ಒಂದು ಜಂಬೋ ವಿಮಾನದ 4 ಎಂಜಿನ್ನುಗಳೂ ಹೀಗೇ ನಿಂತವು. ಕೆಳಗಿಳಿದು ಬೂದಿಯಿಂದ ಹೊರಬಂದ ಮೇಲೆ ಮತ್ತೆ ಹೊತ್ತಿಕೊಂಡವು. ಜಕಾರ್ತಾದಲ್ಲಿ ಇಳಿಯುವಾಗ ಮುಂದಿನ ಗಾಜು ಉಜ್ಜಿದಂತಾಗಿ ಹೊರಗೆ ಸರಿಯಾಗಿ ಕಾಣುತ್ತಲೇ ಇರಲಿಲ್ಲ.

ಸಿಮ್ಯುಲೇಟರಿನಲ್ಲಿ ನಮಗೆ ಇದನ್ನೇ ಅಭ್ಯಾಸ ಮಾಡಿಸುತ್ತಾರೆ. ಗಂಧಕದ ವಾಸನೆ, ಕಾಕ್‌ಪಿಟ್ಟಿನಲ್ಲಿ ಧೂಳು, ಗಾಜಿನ ಮೇಲೆ ಮಿಣುಕುವ ನೀಲಿ ಬೆಳಕು, ಇವು ಲಕ್ಷಣಗಳು. ಆಗ ಎಂಜಿನ್ನಿನ ಶಕ್ತಿಯನ್ನು ಕನಿಷ್ಠಕ್ಕೆ ಇಳಿಸಬೇಕು. ಚಿಕ್ಕಪ್ಪ ನಂಬಲೇ ಇಲ್ಲ, "ಜೋರಾಗಿ ಓಡಿಸಿ ತಪ್ಪಿಸ್ಕೋಬಾರ್ದಾ?" ಅಂದರು. ಶಕ್ತಿ ಹೆಚ್ಚಿದರೆ ಬಿಸಿ ಹೆಚ್ಚು, ಬೂದಿ ಇನ್ನೂ ಬೇಗ ಕರಗುತ್ತದೆ. ಮೇಲೇರುವ ಹಾಗೂ ಇಲ್ಲ. ಆಮ್ಲಜನಕದ ಮಾಸ್ಕ್ ಹಾಕಿಕೊಂಡು, ಬಂದ ದಾರಿಗೇ ವಿಮಾನ ತಿರುಗಿಸಿ, ಹಿಂದೆ ಬರುವ ವಿಮಾನಗಳಿಗಾಗಿ ಬೂದಿಯ ಜಾಗ ಮತ್ತು ಎತ್ತರವನ್ನು ಎಟಿಸಿಗೆ, ಅಂದರೆ ನೆಲದಿಂದ ವಿಮಾನ ಸಂಚಾರ ನಿಯಂತ್ರಿಸುವವರಿಗೆ, ತಿಳಿಸಬೇಕು.