ಹಳ್ಳಕ್ಕೆ ಅಡ್ಡ ಕಟ್ಟದೆ ನೀರು ಹಿಡಿದೆವು: ನನ್ನ ಅನುಭವ

2024ರ ಅಕ್ಟೋಬರ್ ಮಳೆಗೆ, ಹಳ್ಳದ ಪಕ್ಕ ನಾವು ತೋಡಿದ ಕಟ್ಟೆ ಎರಡು ರಾತ್ರಿಯಲ್ಲಿ ತುಂಬಿತು. 2025ರಲ್ಲೂ ತುಂಬಿತು. ಒಂದು ಸಲ ತುಂಬಿದರೆ ಅದೃಷ್ಟ ಅಂತಾರೆ. ಎರಡನೇ ಸಲವೂ ತುಂಬಲಿ, ಆಮೇಲೆ ಬರೆಯೋಣ ಅಂತ ಕಾದಿದ್ದೆ.

ನಮ್ಮದು ಮದ್ದೂರು ತಾಲ್ಲೂಕು, ವಿಶ್ವೇಶ್ವರಯ್ಯ ನಾಲೆಯ ಕೊನೆ ಭಾಗ. ಕಟ್ಟು ಪದ್ಧತಿಯಲ್ಲಿ, ಅಂದರೆ ಕೆಲವು ದಿನ ಬಿಟ್ಟು ಕೆಲವು ದಿನ ನಿಲ್ಲಿಸುವ ಸರದಿಯಲ್ಲಿ, ನೀರು ಬಿಟ್ಟಾಗ ಮೇಲಿನವರ ಗದ್ದೆ ತುಂಬಿ ನಮ್ಮ ತೂಬಿಗೆ ಬರುವಷ್ಟರಲ್ಲಿ ಕಟ್ಟು ಮುಗಿದಿರುತ್ತದೆ. ಊರ ಪಕ್ಕದಲ್ಲಿ ಶಿಂಷಾ ಸೇರುವ ಒಂದು ಹಳ್ಳ ಇದೆ. ಮಳೆಗಾಲದಲ್ಲಿ ಎಂಟು ಹತ್ತು ದಿನ ಕೆಂಪಗೆ ಉಕ್ಕಿ ಹರಿಯುತ್ತದೆ, ಉಳಿದಂತೆ ಸಣ್ಣಗೆ. ಆ ಉಕ್ಕುವ ನೀರನ್ನಷ್ಟೇ ಪಕ್ಕಕ್ಕೆ ತಿರುಗಿಸಿ ಕೂಡಿಡಬೇಕು, ಸಣ್ಣ ಹರಿವನ್ನು ಮುಟ್ಟಬಾರದು. ಇಷ್ಟೇ ನಮ್ಮ ಲೆಕ್ಕ. ಎಂಟು ಮನೆಯವರು ಸೇರಿದೆವು. ಎಲ್ಲರದ್ದೂ ಒಂದೊಂದು ಎಕರೆ ಹಿಪ್ಪುನೇರಳೆ, ಡ್ರಿಪ್ ಹಾಕಿದ್ದು.

ಊರಲ್ಲಿ ಒಪ್ಪಿದವರು ಕಮ್ಮಿ. "ಅಡ್ಡ ಒಂದು ಚೆಕ್ ಡ್ಯಾಂ ಹಾಕ್ಸಿ ಸಾಕು, ಅದೇನ್ ಪಕ್ಕದಲ್ಲಿ ಗುಂಡಿ ತೋಡೋದು?" ಅಂದರು. ಮೇಲಿನ ಊರಿನ ಚೆಕ್ ಡ್ಯಾಂ ಹೂಳು ತುಂಬಿ ಮರಳಿನ ಮೈದಾನ ಆಗಿರುವುದನ್ನು ದಿನಾ ನೋಡುತ್ತಾ ಈ ಮಾತು ಆಡುತ್ತಿದ್ದರು. ಅದನ್ನು ಕಟ್ಟಿದ ಮೇಲೆ ಮೀನು ಮೇಲಕ್ಕೆ ಹತ್ತುವುದೂ ನಿಂತಿತ್ತು.

ಮಣ್ಣು ಕೆಲಸಕ್ಕೆ ಮುಂಚೆ ಒಂದು ವರ್ಷ ಬರೀ ಅಳತೆ. ದಡದ ಬಂಡೆಗೆ ಬಣ್ಣದಲ್ಲಿ ಅಡಿ, ಅಂಗುಲ ಬರೆದೆ. ಬೆಳಿಗ್ಗೆ ಹಾಲು ಹಾಕಲು ಡೈರಿಗೆ ಹೋಗುವಾಗ ನೋಡಿ ಇನ್ನೂರು ಪುಟದ ನೋಟ್ ಬುಕ್‌ನಲ್ಲಿ ಬರೆದಿಟ್ಟೆ. ಹುಚ್ಚು ಅಂದರು. ಆಮೇಲೆ ಅನುಮತಿಗೆ ಓಡಾಡುವಾಗ ಕೈ ಹಿಡಿದದ್ದು ಆ ನೋಟ್ ಬುಕ್ಕೇ. ಹಳ್ಳದ ನೀರು ಸರ್ಕಾರದ್ದು, ಕೇಳದೆ ದಡ ಕೊರೆಯಬೇಡಿ. ನಮಗೆ ಹದಿನಾಲ್ಕು ತಿಂಗಳು ಹಿಡಿಯಿತು.

2021ರ ಬೇಸಿಗೆಯಲ್ಲಿ ತೋಡಿದೆವು. ಮೇಲ್ಗಡೆ ಸುಮಾರು 64 ಮೀಟರ್ ಚೌಕ, ಆಳ 4 ಮೀಟರ್, ಇಳಿಜಾರು ಒಂದಕ್ಕೆ ಎರಡು. ಹಿಡಿಯುವುದು ಒಂದೂಕಾಲು ಕೋಟಿ ಲೀಟರ್. ಮಣ್ಣು ಅಗೆಯುವ ಇಟಾಚಿ ನೂರಹತ್ತು ಗಂಟೆ ಓಡಿತು, ಗಂಟೆಗೆ ಎರಡೂವರೆ ಸಾವಿರ. ಟ್ರ್ಯಾಕ್ಟರ್, ರೋಲರ್ ಎಲ್ಲಾ ಸೇರಿ ಇನ್ನೊಂದು ಲಕ್ಷದ ಇಪ್ಪತ್ತು ಸಾವಿರ. ನಮ್ಮದು ಕೆಂಪು ಮರಳು ಮಣ್ಣು. ಮೂರಡಿ ಗುಂಡಿ ತೋಡಿ ಸಂಜೆ ನೀರು ತುಂಬಿಸಿದರೆ ಬೆಳಿಗ್ಗೆಗೆ ತಳ ಕಾಣುತ್ತಿತ್ತು. ಪ್ಲಾಸ್ಟಿಕ್ ಹಾಳೆಗೆ ಐದು ಲಕ್ಷದ ಮೇಲೆ ಕೇಳಿದರು. ಬೇಡ ಅಂತ ಕೆರೆ ಗೋಡು, ಅಂದರೆ ಕೆರೆ ತಳದ ಜಿಗುಟು ಮಣ್ಣು, ಹೊಡೆಸಿದೆವು, ನಾನೂರು ಲೋಡಿಗೂ ಜಾಸ್ತಿ, ಎರಡು ಲಕ್ಷ ದಾಟಿತು. ಗೋಡಿಗೆ ಏನು ಬೆರೆಸಿ ಎಷ್ಟು ದಿನ ತುಳಿಸಿದೆವು ಅನ್ನುವುದನ್ನು ಇಲ್ಲಿ ಬರೆಯಲ್ಲ. ಅದು ನಮ್ಮ ಎಂಟು ಮನೆಯ ಗುಟ್ಟು. ಈಗ ಇಂಗುವುದು ತೀರಾ ಕಮ್ಮಿ ಅಂತ ಮಾತ್ರ ಹೇಳಬಲ್ಲೆ.

ಸೋತದ್ದು ಕಟ್ಟೆಯ ಬಾಯಿಯಲ್ಲಿ. ಹಳ್ಳದಿಂದ ಕಟ್ಟೆಗೆ ನೀರು ಹೊರಳುವ ಹೊಸ್ತಿಲನ್ನು ಮೊದಲು ಹಳ್ಳದ ತಳದಿಂದ ಎಂಟೇ ಅಂಗುಲ ಮೇಲೆ ಇಟ್ಟೆವು. ನೋಟ್ ಬುಕ್‌ನಲ್ಲಿ ಬೇರೆ ಲೆಕ್ಕ ಇತ್ತು. ಆದರೆ ದುಡ್ಡು ಹಾಕಿದ ಮೇಲೆ ಎಲ್ಲರಿಗೂ ಬೇಗ ತುಂಬಬೇಕು ಅನ್ನುವ ಆಸೆ. ನಾನೂ ತಲೆಯಾಡಿಸಿದೆ. ಆ ವರ್ಷ ನವೆಂಬರ್‌ವರೆಗೂ ಮಳೆ. ಕಟ್ಟೆ ತುಂಬಿತು, ಜೊತೆಗೆ ಎರಡೂವರೆ ಅಡಿ ಹೂಳೂ ತುಂಬಿತು. ಮಳೆ ನಿಂತ ಮೇಲೂ ಸಣ್ಣ ಹರಿವೆಲ್ಲ ನಮ್ಮ ಕಡೆಗೇ ಹೊರಳಿತು. ಜನವರಿಗೆ ಕೆಳಗಿನ ಊರಿನ ಮಡು ಒಣಗಿತು. ಅಲ್ಲಿಯ ಒಬ್ಬ ಅಜ್ಜಿ ನಮ್ಮ ಏರಿ ಮೇಲೆ ಬಂದು ನಿಂತು, "ನೀವು ತುಂಬ್‌ಕೊಂಡ್ರಿ ಕಣಪ್ಪ, ನಮ್ ಎಮ್ಮೆಗೋಳು ಎಲ್ಲೋಗಿ ನೀರ್ ಕುಡ್ದಾವು?" ಅಂದರು. ಉತ್ತರ ಇರಲಿಲ್ಲ. ಮರುದಿನ ಮಡುವಿಗೆ ಹೋಗಿ ನೋಡಿದೆ. ಬಿರುಕು ಬಿಟ್ಟ ಕೆಸರಲ್ಲಿ ಅಂಗೈ ಅಗಲದ ನೀರು, ಅದರಲ್ಲಿ ಬೆರಳುದ್ದದ ಗೆಂಡೆ ಮರಿಗಳು ಬಾಯಿ ಬಿಡುತ್ತಾ ಬಿದ್ದಿದ್ದವು. ಮನೆಗೆ ಬಂದು ಬಾಯಿಗೆ ಮರಳು ಚೀಲ ಹಾಕಿಸಿದೆ.

2022ಕ್ಕೆ ಹೊಸ್ತಿಲು ಒಡೆದು ಮೂರೂವರೆ ಅಡಿಗೆ ಏರಿಸಿದೆವು. ಜಾಗವನ್ನೂ ಬದಲಿಸಿದೆವು. ತಿರುವಿನ ಒಳದಡದಿಂದ ಹೊರದಡಕ್ಕೆ. ತಿರುವಿನಲ್ಲಿ ಮೇಲಿನ ನೀರು ಹೊರಕ್ಕೆ ತಳ್ಳುತ್ತದೆ, ತಳದ ಮರಳು ಒಳಕ್ಕೆ ಜಾರುತ್ತದೆ. ಇದೊಂದರಿಂದಲೇ ಹೂಳು ಅರ್ಧಕ್ಕಿಂತ ಕಮ್ಮಿ ಆಯಿತು. ಆದರೆ ಆ ವರ್ಷದ ನೆರೆ ಎಂಥದ್ದು ಅಂತ ಮದ್ದೂರಿನವರಿಗೆ ಹೇಳಬೇಕಿಲ್ಲ. ಹೆಚ್ಚಾದ ನೀರು ಹೊರಹೋಗುವ ಕೋಡಿ ಸಣ್ಣದಾಗಿತ್ತು. ಏರಿ ಇಪ್ಪತ್ತು ಅಡಿ ಕೊಚ್ಚಿ ಹೋಯಿತು. ಒಂದು ಲಕ್ಷದ ಹತ್ತು ಸಾವಿರ ನೀರಿಗೆ. ಈಗ ಕೋಡಿ ಬಾಯಿಗಿಂತ ಎರಡು ಪಟ್ಟು ಅಗಲ, ಸೈಜುಗಲ್ಲು ಹಾಸಿದ್ದು.

2023ರಲ್ಲಿ ಕನ್ನಂಬಾಡಿ (ಕೆಆರ್‌ಎಸ್) ಅಣೆಕಟ್ಟೆಯೇ ತುಂಬಲಿಲ್ಲ. ಹಳ್ಳ ಒಂದು ದಿನವೂ ಮೂರೂವರೆ ಅಡಿ ಮುಟ್ಟಲಿಲ್ಲ. ಕಟ್ಟೆಯ ತಳದಲ್ಲಿ ಜಾಲಿ ಗಿಡ ಎದ್ದಿತು. ಮೂರು ಮನೆಯವರು ಮುಚ್ಚಿ ಕಬ್ಬು ಹಾಕೋಣ ಅಂದರು. ಅವತ್ತಿನ ಪಂಚಾಯ್ತಿ ರಾತ್ರಿ ಹನ್ನೊಂದಕ್ಕೆ ಮುಗಿಯಿತು. ನಾನು ಇನ್ನೊಂದೇ ವರ್ಷ ಕೇಳಿಕೊಂಡೆ.

ಕೊನೆಗೆ ನೋಟ್ ಬುಕ್ ಹೇಳಿದ್ದನ್ನೇ ಮಾಡಿದೆವು. ಎರಡೂಕಾಲು ಅಡಿಗೆ ಕಾಂಕ್ರೀಟ್ ಹೊಸ್ತಿಲು, ಒಂದು ಮೀಟರ್ ಅಗಲ. ಎರಡೂ ಕಡೆ ಕಬ್ಬಿಣದ ಜಾಡು, ಅದರೊಳಗೆ ಆರು ಅಂಗುಲದ ಹಲಗೆಗಳು. ಹಲಗೆ ಇಳಿಸಿ ಹೊಸ್ತಿಲನ್ನು ಏರಿಸಬಹುದು, ಎರಡೂಕಾಲು ಅಡಿಗಿಂತ ಕೆಳಗೆ ಯಾರೂ ಇಳಿಸಲಾಗದು. ನನಗೇ ಆಸೆ ಹುಟ್ಟಿದರೂ ಆಗದು. ಹೊಸ್ತಿಲ ಮೇಲೆ ಒಂದು ಅಡಿ ನೀರು ಹರಿದರೆ ಸೆಕೆಂಡಿಗೆ 280 ಲೀಟರ್ ಹತ್ತಿರ ಬರುತ್ತದೆ. ಹನ್ನೆರಡು ಹದಿಮೂರು ಗಂಟೆಯಲ್ಲಿ ಕಟ್ಟೆ ಭರ್ತಿ. ಹಾಗಿರುವಾಗ ವರ್ಷಪೂರ್ತಿ ಹಳ್ಳದ ಬಾಯಿಂದ ಕಸಿಯುವ ಅಗತ್ಯವೇ ಇಲ್ಲ, ಅಲ್ವಾ? ಈ ಲೆಕ್ಕ ಮೂರು ವರ್ಷ ಮುಂಚೆಯೇ ನನ್ನ ಹತ್ತಿರ ಇತ್ತು.

ಇನ್ನೊಂದು ಕಟ್ಟುನಿಟ್ಟು: ವರ್ಷದ ಹೊಸ ನೀರನ್ನು ಮುಟ್ಟುವುದಿಲ್ಲ. ಮೊದಲ ನೆರೆಗೆ ಹಲಗೆ ಪೂರಾ ಇಳಿದಿರುತ್ತವೆ. ಹೊಲದ ಕಸ, ತಿಪ್ಪೆ, ಹೂಳು ಎಲ್ಲಾ ಅದರಲ್ಲೇ ಬರುತ್ತದೆ. ಮೊಟ್ಟೆಯಿಡಲು ಮೀನು ಮೇಲಕ್ಕೆ ಹತ್ತುವುದೂ ಆ ನೀರಿಗೇ. ಎರಡನೇ, ಮೂರನೇ ನೆರೆ ನಮ್ಮದು. 2024ರ ಆ ರಾತ್ರಿ ಟಾರ್ಚ್ ಹಿಡಿದು ಹಲಗೆ ಎತ್ತಿದೆ. ಮೊದಲು ನೊರೆ ಬಂತು, ಆಮೇಲೆ ತೆಂಗಿನ ಗರಿ, ಆಮೇಲೆ ನೀರು ಹೊಸ್ತಿಲ ಮೇಲೆ ಹಾಸಿದಂತೆ ನುಣ್ಣಗೆ ಹೊರಳಿತು. ಕಸ ತಡೆಯಲು ಬಾಯಿಗೆ ಬಿದಿರಲ್ಲಿ ಒಂದು ಏರ್ಪಾಡು ಮಾಡಿದ್ದೇನೆ, ತಾನಾಗೇ ಕಸ ತಳ್ಳಿಕೊಳ್ಳುತ್ತದೆ. ಅದನ್ನು ಬಂದು ನೋಡಬೇಕು.

ನೀರಿನ ಲೆಕ್ಕ ಹೀಗೆ. ಒಂದು ಎಕರೆ ನೀರಿನ ಮೇಲೆ ಬೇಸಿಗೆಯಲ್ಲಿ ದಿನಕ್ಕೆ 5 ಮಿಲಿಮೀಟರ್ ಆರಿದರೂ 20 ಸಾವಿರ ಲೀಟರ್ ಹೋಯಿತು. ಇಂಗಿದ್ದು, ಆರಿದ್ದು, ತಳದಲ್ಲಿ ಉಳಿದದ್ದು ಕಳೆದರೆ ಕೈಗೆ ಎಂಬತ್ತು ಲಕ್ಷ ಲೀಟರ್. ಎಂಟು ಎಕರೆಗೆ ದಿನಕ್ಕೆ ಒಂದು ಲಕ್ಷ ಅಂದರೆ ಎಂಬತ್ತು ದಿನ. ಮಾರ್ಚ್‌ನಿಂದ ಮೇವರೆಗೆ ಹಿಪ್ಪುನೇರಳೆ ಸೊಪ್ಪು ನಿಲ್ಲಲಿಲ್ಲ. ಈ ನೀರಿಗೆ ಕಬ್ಬು ಹಾಕಬಾರದು ಅಂತ ಬರೆದು ಎಲ್ಲರ ಸಹಿ ತಗೊಂಡಿದ್ದೇವೆ.

ಆರುವುದನ್ನು ತಡೆಯಲು ತೆಂಗಿನ ಗರಿ ಹೆಣೆದು ತೇಲಿಬಿಟ್ಟು ನೋಡಿದೆ. ತಿಂಗಳಲ್ಲಿ ಕೊಳೆತು ನೀರು ಕಪ್ಪಾಗಿ ವಾಸನೆ ಹೊಡೆಯಿತು, ಡ್ರಿಪ್ ಫಿಲ್ಟರ್ ಕಟ್ಟಿತು. ಬಿಟ್ಟೆ. ಈಗ ಗಾಳಿ ಬೀಸುವ ಕಡೆ ಏರಿ ಆಚೆಗೆ ಹೊಂಗೆ ಸಾಲು, ಇಳಿಜಾರಿಗೆ ಲಾವಂಚ. ಲಾವಂಚ ಚೆನ್ನಾಗಿ ಹಿಡಿದಿದೆ. ಕಾಟ್ಲಾ, ರೋಹು ಮರಿ ಎರಡು ಸಾವಿರ ಬಿಟ್ಟಿದ್ದೆ. ಕೊಕ್ಕರೆ ಬೆಳ್ಳೂರು ನಮ್ಮ ತಾಲ್ಲೂಕಿನದೇ ತಾನೆ, ಅಲ್ಲಿಯ ಹೆಜ್ಜಾರ್ಲೆ (ಪೆಲಿಕನ್) ಹಕ್ಕಿಗಳು ಬಂದು ಮುಕ್ಕಾಲು ಪಾಲು ತಿಂದವು. ಬಲೆ ಹಾಕು ಅಂದರು, ಹಾಕಲಿಲ್ಲ. ಆ ಹಕ್ಕಿ ನಮ್ಮ ನೀರಿಗೆ ಇಳಿದದ್ದು ನೋಡಿ ನನಗೆ ಸಿಕ್ಕ ಖುಷಿ ಮೀನು ಮಾರಿದ್ದರೆ ಸಿಗುತ್ತಿರಲಿಲ್ಲ.

ಒಟ್ಟು ಖರ್ಚು ಹತ್ತು ಲಕ್ಷದ ಆಸುಪಾಸು, ರಿಪೇರಿಯೇ ಎರಡೂವರೆ ಲಕ್ಷ. ಜಮೀನು ಕೊಟ್ಟ ಮನೆಗೆ ಪಾಲು ಬಿಟ್ಟು ಉಳಿದ ಏಳು ಮನೆಗೆ ತಲಾ ಒಂದು ಲಕ್ಷದ ನಲವತ್ತು ಸಾವಿರ ಬಿತ್ತು. ಹೊಸ್ತಿಲು ಮೊದಲೇ ಸರಿ ಇಟ್ಟಿದ್ದರೆ ಲಕ್ಷದ ಮೇಲೆ ಉಳಿಯುತ್ತಿತ್ತು.

ಉಳಿದಿರುವ ತಲೆನೋವು ಏಡಿ ಬಿಲ. ಏರಿಯ ಒಳಮೈಯಲ್ಲಿ ಹೆಬ್ಬೆರಳು ಹೋಗುವಷ್ಟು ತೂತು, ಹೊರಮೈಯಲ್ಲಿ ಒದ್ದೆ. ವಾರಕ್ಕೊಮ್ಮೆ ಗೋಡಿನ ಉಂಡೆ ಹಿಡಿದು ಸುತ್ತು ಹೊಡೆಯುತ್ತೇನೆ. ಹೋದ ಬೇಸಿಗೆಯಲ್ಲಿ ಮಡುವಿನಲ್ಲಿ ಮೊಣಕಾಲುದ್ದ ನೀರಿತ್ತು. ಕೆಳಗಿನ ಊರಿನ ನಾಲ್ಕು ಹುಡುಗರು ಬಂದು ನಮ್ಮ ಹೊಸ್ತಿಲು ಅಳೆದುಕೊಂಡು ಹೋದರು. ಅವರ ಹಳ್ಳದ ತಿರುವಿಗೂ ಒಂದು ಬಂಡೆಗೆ ಅಡಿ, ಅಂಗುಲ ಬರೆದುಕೊಟ್ಟಿದ್ದೇನೆ.