ಟಿವಿ ಡಾಂಗಲ್‌ನಲ್ಲಿ ಮೋಡದ ಚಿತ್ರ: ಸಿದ್ದಾಪುರದ ಕಣಿವೆಯಿಂದ ನನ್ನ ಅನುಭವ

ಬೆಂಗಳೂರಿನಲ್ಲಿ 2016ರಲ್ಲಿ ಶುರುವಾದ ದೂರದರ್ಶನದ ಡಿಜಿಟಲ್ ಪ್ರಸಾರ ಡಿವಿಬಿ-ಟಿ2 ಎಂಬ ಹೊಸ ಪದ್ಧತಿಯದು. ಆರ್‌ಟಿಎಲ್2832ಯು ಚಿಪ್ಪಿನ, ಕಂಪ್ಯೂಟರಿಗೆ ಸಿಕ್ಕಿಸುವ ಟಿವಿ ಡಾಂಗಲ್ಲಿಗೆ ಹಳೆಯ ಡಿವಿಬಿ-ಟಿ ಮಾತ್ರ ಗೊತ್ತು. ಹಾಗಾಗಿ ಟಿವಿ ನೋಡಲೆಂದು ಗೆಳೆಯ ತರಿಸಿದ್ದ ಡಾಂಗಲ್ ಅವನ ಮೇಜಿನ ಖಾನೆಯಲ್ಲೇ ಬಿದ್ದಿತ್ತು. ಇನ್ನೂರು ರೂಪಾಯಿ ಕೊಟ್ಟು ನಾನು ಕೊಂಡುಕೊಂಡೆ. ತಂತ್ರಾಂಶದ ನೆರವಿದ್ದರೆ ಈ ಡಾಂಗಲ್ ಬೇರೆ ರೇಡಿಯೊ ಸಿಗ್ನಲ್‌ಗಳನ್ನೂ ಹಿಡಿಯುತ್ತದೆ. ಈಗ ಅದರಲ್ಲೇ ಸಿದ್ದಾಪುರದ ನಮ್ಮ ಅಡಿಕೆ ತೋಟದಲ್ಲಿ ಕೂತು ರಷ್ಯಾದ ಮೆಟಿಯೋರ್ ಉಪಗ್ರಹದ ಮೋಡದ ಚಿತ್ರ ಇಳಿಸಿಕೊಳ್ಳುತ್ತಿದ್ದೇನೆ.

ಆಗದು ಎಂದವರೇ ಹೆಚ್ಚು. ಹ್ಯಾಮ್ (ಹವ್ಯಾಸಿ ರೇಡಿಯೊ) ಲೈಸೆನ್ಸ್ ಇರುವ ಹಿರಿಯರೊಬ್ಬರು, "ಮೂರು ದಿಕ್ಕಿಗೆ ಗುಡ್ಡ, ಕೈಯಲ್ಲಿ ಟಿವಿ ಡಾಂಗಲ್. ದುಡ್ಡು ದಂಡ ಮಾಡಬೇಡ ಮಾರಾಯ" ಅಂದರು. ತಮ್ಮನದು ಇನ್ನೊಂದು ವಾದ: "ಮೊಬೈಲಿಗೇ ಸಿಗ್ನಲ್ ಇಲ್ಲ, ಉಪಗ್ರಹ ಎಲ್ಲಿ ಸಿಗ್ತದೆ?" ಮೊಬೈಲ್ ಟವರು ಗುಡ್ಡದ ಆಚೆ ಇದೆ, ಉಪಗ್ರಹ ತಲೆಯ ಮೇಲೆ ಹಾಯುತ್ತದೆ ಎಂದು ಅವನಿಗೆ ಚಿತ್ರ ತೋರಿಸಿದ ಮೇಲೆಯೇ ಒಪ್ಪಿಗೆಯಾದದ್ದು.

ಅಮೆರಿಕದ ಹವಾಮಾನ ಉಪಗ್ರಹಗಳಾದ ನೋವಾ 15, 18, 19 ಇದ್ದಾಗ ಕೆಲಸ ಸಲೀಸು, ರೇಡಿಯೊ ಗದ್ದಲದ (ನಾಯ್ಸ್) ನಡುವೆಯೂ ಎಪಿಟಿ ಎಂಬ ಅವುಗಳ ಅನಲಾಗ್ ಪ್ರಸಾರ ಏನಾದರೊಂದು ತೋರಿಸುತ್ತಿತ್ತು. 2025ರಲ್ಲಿ ಮೂರೂ ನಿಂತವು. ಉಳಿದದ್ದು 137.9 ಮೆಗಾಹರ್ಟ್ಸ್‌ನ ಮೆಟಿಯೋರ್ ಎಂ2-3 ಮತ್ತು ಎಂ2-4. ಇವುಗಳ ಎಲ್‌ಆರ್‌ಪಿಟಿ ಎಂಬ ಪ್ರಸಾರ ಡಿಜಿಟಲ್ ಆದ್ದರಿಂದ ಸಿಗ್ನಲ್ ಒಂದು ಮಟ್ಟಕ್ಕಿಂತ ಇಳಿದರೆ ಕಪ್ಪು ಪಟ್ಟಿ, ಅಷ್ಟೇ.

ಮೊದಲು ಸುರುಳಿಯಾಕಾರದ ಕ್ಯೂಎಫ್‌ಎಚ್ ಆಂಟೆನಾ ಕಟ್ಟಿಸಿದೆ. ಪಿವಿಸಿ ಪೈಪು, ತಾಮ್ರದ ಕೊಳವೆ, ಕೂಲಿ ಎಲ್ಲ ಸೇರಿ ಎರಡೂವರೆ ಸಾವಿರದ ಹತ್ತಿರ. ಆಷಾಢದ ಗಾಳಿಗೆ ಸೊಟ್ಟಗಾಯಿತು. ಆಮೇಲೆ ಎಲ್‌ಎನ್‌ಎ, ಅಂದರೆ ಸಿಗ್ನಲ್ ಹಿಗ್ಗಿಸುವ ಉಪಕರಣ, ಅದಕ್ಕೆ ಮೂರು ಸಾವಿರ. ಸಿಗ್ನಲ್ ಏರಿದಷ್ಟೇ ಗದ್ದಲವೂ ಏರಿತು. ಚಿತ್ರದಲ್ಲಿ ನಾಲ್ಕು ಗೆರೆ ಮೋಡ, ಹತ್ತು ಗೆರೆ ಕಪ್ಪು.

ದಾರಿ ಸಿಕ್ಕಿದ್ದು ಕರೆಂಟು ಹೋದ ರಾತ್ರಿ. ಲ್ಯಾಪ್‌ಟಾಪ್ ಬ್ಯಾಟರಿಯಲ್ಲಿ ವಾಟರ್‌ಫಾಲ್ (ಸಿಗ್ನಲ್, ಗದ್ದಲಗಳ ಬಲ ತೋರಿಸುವ ಚಿತ್ರ) ನೋಡುತ್ತ ಕೂತಿದ್ದೆ. ಇನ್ವರ್ಟರೂ ಕೈಕೊಟ್ಟು ಮನೆಯೆಲ್ಲ ಕತ್ತಲಾದ ಕ್ಷಣದಲ್ಲಿ ಗದ್ದಲ ಹತ್ತು ಡೆಸಿಬೆಲ್‌ನಷ್ಟು ಕುಸಿಯಿತು. ನಮ್ಮ ಕಣಿವೆಯ ತೊಂದರೆ ಗುಡ್ಡವಲ್ಲ, ಡಾಂಗಲ್ಲೂ ಅಲ್ಲ, ಮನೆ. ಎಲ್‌ಇಡಿ ಬಲ್ಬು, ಇನ್ವರ್ಟರು, ಲ್ಯಾಪ್‌ಟಾಪ್ ಚಾರ್ಜರು ಒಂದೊಂದಾಗಿ ಸಿಕ್ಕಿಬಿದ್ದವು. ಇಷ್ಟಾದರೂ ಸೆಕೆಂಡಿಗೊಂದು ಅಡ್ಡಗೆರೆ ಉಳಿಯಿತು. ಅದು ಕಾಡುಹಂದಿ ಬಾರದಂತೆ ಹಾಕಿದ ಸೋಲಾರ್ ವಿದ್ಯುತ್ ಬೇಲಿ. ರಾತ್ರಿ ಅದನ್ನು ಆರಿಸುವ ಹಾಗಿಲ್ಲ. ಬೇಲಿಯುದ್ದಕ್ಕೂ ನಡೆದು, ತಂತಿಗೆ ತಾಗಿ ಕಿಡಿ ಹಾರುತ್ತಿದ್ದ ಗಿಡಗಂಟಿಯನ್ನೆಲ್ಲ ಸವರಿಸಿದೆ. ಗೆರೆ ಮುಕ್ಕಾಲು ಪಾಲು ಹೋಯಿತು, ಬೇಲಿಗೂ ಒಳ್ಳೆಯದಾಯಿತು.

ಈಗಿರುವುದು ಬರೀ ವಿ-ಡೈಪೋಲ್, ಅಂದರೆ ವಿ ಆಕಾರದ ಎರಡು ತೋಳಿನ ಆಂಟೆನಾ. ಅರ್ಥಿಂಗಿಗೆ ಹಾಕುವ ತಾಮ್ರದ ತಂತಿ, 53 ಸೆಂಟಿಮೀಟರಿನ ಎರಡು ತೋಳು, 120 ಡಿಗ್ರಿ, ಮಲಗಿಸಿ ಕಟ್ಟಿದ್ದು, ಬಾಯಿ ಉತ್ತರಕ್ಕೆ. ಆಧಾರಕ್ಕೆ ಅಡಿಕೆ ದಬ್ಬೆ. ಮನೆಯಿಂದ ದೂರ, ಅಡಿಕೆ ಒಣಗಿಸುವ ಅಟ್ಟದ ತುದಿಯಲ್ಲಿದೆ. ಕೇಬಲ್ ಡಿಶ್ಶಿನದೇ, ಮಿಕ್ಕಿದ್ದ ಆರ್‌ಜಿ6. ಒಟ್ಟು ಐನೂರರೊಳಗೆ ಮುಗಿಯಿತು. ಎಲ್‌ಎನ್‌ಎ ತೆಗೆದಿಟ್ಟಿದ್ದೇನೆ. ಆಂಟೆನಾದ ಬುಡದಲ್ಲಿ ಕೇಬಲ್ಲಿಗೆ ಮಾಡಿದ ಒಂದು ಸಣ್ಣ ಕೆಲಸವಿದೆ. ಮಳೆಗಾಲ ಪೂರ್ತಿ ಪರೀಕ್ಷಿಸದೆ ಅದನ್ನು ಬರೆಯುವುದಿಲ್ಲ. ಗೇನ್ (ಡಾಂಗಲ್ ಸಿಗ್ನಲ್ ಹಿಗ್ಗಿಸುವ ಮಟ್ಟ) ಎಷ್ಟಿಟ್ಟೆ ಎಂದೂ ಹೇಳುವುದಿಲ್ಲ, ನಿಮ್ಮ ಜಾಗದ ಗದ್ದಲ ಬೇರೆ, ನೀವೇ ಹುಡುಕಬೇಕು.

ನಡುವೆ ವಿಮಾನಗಳ ಕಡೆಗೂ ಹೋಗಿಬಂದೆ. ಏಳು ಸೆಂಟಿಮೀಟರಿನ ತಂತಿ ಸಿಕ್ಕಿಸಿ 1090 ಮೆಗಾಹರ್ಟ್ಸ್‌ನಲ್ಲಿ ವಿಮಾನಗಳ ಸಂಕೇತ ಓದುವ ಡಂಪ್1090 ತಂತ್ರಾಂಶ ಓಡಿಸಿದರೆ ಸುಮಾರು ನೂರು ಕಿಲೋಮೀಟರ್ ಆಚೆಯ ವಿಮಾನಗಳೂ ಕಾಣುತ್ತವೆ. ಅಮ್ಮನಿಗೆ ಇದೇ ಹೆಚ್ಚು ಇಷ್ಟ. ತಲೆಯ ಮೇಲೆ ಸದ್ದಾದರೆ ಯಾವ ವಿಮಾನ ಎಂದು ಕೇಳುತ್ತಾಳೆ.

ಉತ್ತರಕ್ಕೆ ನರ್ಮದೆಯ ತನಕ, ದಕ್ಷಿಣಕ್ಕೆ ಶ್ರೀಲಂಕಾ ದಾಟಿ ಒಂದೇ ಚಿತ್ರದಲ್ಲಿ ಬಂದ ದಿನ ಆ ಹಿರಿಯರನ್ನು ಮನೆಗೇ ಕರೆದು ತೋರಿಸಿದೆ. ಈಗ ಅವರೂ ಒಂದು ಡಾಂಗಲ್ ತರಿಸಿದ್ದಾರೆ.

ಹವಾಮಾನ ಇಲಾಖೆಯ ತಾಣದಲ್ಲಿ ಇನ್ಸಾಟ್ ಚಿತ್ರ ಪುಕ್ಕಟೆ ಸಿಗುವಾಗ ಇದೆಲ್ಲ ಯಾಕೆ ಎನ್ನುವವರಿದ್ದಾರೆ. ಮಳೆಗಾಲದಲ್ಲಿ ನಮ್ಮಲ್ಲಿ ನೆಟ್ ಇರುವುದೇ ಅಪರೂಪ. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಸಲು ಮರ ಹತ್ತುವ ಕೊನೆಗೌಡರಿಗೆ ಹೇಳಿಕಳಿಸುವ ಮೊದಲು, ಕಾರವಾರದ ಆಚೆ ಸಮುದ್ರದ ಮೇಲೆ ಮೋಡ ಹರಿದಿದೆಯೋ ದಟ್ಟವಾಗಿದೆಯೋ ನೋಡಿಕೊಳ್ಳುತ್ತೇನೆ. ಹೊಳವಾಗುವುದು (ಮಳೆ ಬಿಡುವುದು) ಖಾತ್ರಿಯಲ್ಲದಿದ್ದರೂ ಕಣ್ಣುಮುಚ್ಚಿ ಕರೆಸುವುದು ತಪ್ಪಿದೆ.

ಹೊಸದಾಗಿ ಶುರುಮಾಡುವವರು ಎಂ2-4ರಿಂದಲೇ ಶುರುಮಾಡಿ, ಎಂ2-3ರ ಸಿಗ್ನಲ್ ಕ್ಷೀಣ. ನೆತ್ತಿಯ ಮೇಲೆ ಹಾಯುವ ಪಾಸನ್ನೇ ಆರಿಸಿ. ಟಿಎಲ್‌ಇ (ಉಪಗ್ರಹದ ಕಕ್ಷೆಯ ವಿವರ) ವಾರ ಹಳೆಯದಾದರೂ ನಡೆಯುತ್ತದೆ, ಸಿಗ್ನಲ್ಲಿನಿಂದ ಚಿತ್ರ ಬಿಡಿಸುವ ತಂತ್ರಾಂಶ ಸ್ಯಾಟ್‌ಡಂಪ್‌ಗೆ ನೆಟ್ ಬೇಡ. ಚಾರ್ಜರ್ ಮಾತ್ರ ಕಿತ್ತಿಡಿ.