ಕಾಡು ರಾಸ್ಪ್‌ಬೆರಿಯನ್ನು ಗುರುತು ಹಿಡಿದು ಹಿತ್ತಲಲ್ಲಿ ಬೆಳೆಸಿದ್ದು

ಮಲೆನಾಡಿನ ಕಾಫಿ ತೋಟದ ಅಂಚು, ಘಟ್ಟದ ರಸ್ತೆ ಬದಿ, ಶೋಲಾ ಕಾಡಿನ ಸೆರಗು, ಇಲ್ಲೆಲ್ಲ ಬೇಸಿಗೆಯಲ್ಲಿ ಕಪ್ಪು ಹಣ್ಣು ಬಿಡುವ ಒಂದು ಮುಳ್ಳುಪೊದೆ ಇರುತ್ತದೆ. ಸಸ್ಯಶಾಸ್ತ್ರದವರು ಇದನ್ನು ರೂಬಸ್ ನೀವಿಯಸ್ ಎನ್ನುತ್ತಾರೆ. ಹೊರದೇಶದಲ್ಲಿ ಇದು ಮೈಸೂರ್ ರಾಸ್ಪ್‌ಬೆರಿ. ಅಮೆರಿಕದ ಫ್ಲಾರಿಡಾದ ಸೆಕೆಗೆ ಸಾಮಾನ್ಯ ರಾಸ್ಪ್‌ಬೆರಿ ತಡೆಯುವುದಿಲ್ಲ, ಹಾಗಾಗಿ ಅಲ್ಲಿ ಹಿತ್ತಲಿಗೆ ಇದನ್ನು ಹಾಕಿಕೊಳ್ಳುತ್ತಾರೆ. ನಮ್ಮಲ್ಲಿ ಮಾತ್ರ ಬೇಲಿ ಸವರುವಾಗ ಮೊದಲು ಕತ್ತಿ ಬೀಳುವುದು ಇದರ ಮೇಲೆಯೇ. ನನಗೆ ಅದು ನಿಜಕ್ಕೂ ಬೇಜಾರಿನ ವಿಷಯ.

ಗುರುತು ಹಿಡಿಯುವುದು ಕಷ್ಟ ಅಲ್ಲ. ಮೊದಲು ಒಂದು ಎಲೆ ತಿರುಗಿಸಿ ನೋಡಿ. ಮೇಲ್ಭಾಗ ಹಸಿರು, ಕೆಳಭಾಗ ಸುಣ್ಣ ಬಳಿದ ಹಾಗೆ ಬಿಳಿ. ಬೆರಳಾಡಿಸಿದರೆ ಮೆತ್ತಗಿನ ರೋಮ ಸಿಗುತ್ತದೆ. ಒಂದೇ ತೊಟ್ಟಿನಲ್ಲಿ ಐದರಿಂದ ಒಂಬತ್ತು ಕಿರುಎಲೆಗಳು, ಅಂಚು ಗರಗಸದಂತೆ. ಕಮಾನಿನಂತೆ ಬಾಗಿದ ಎಳೆ ಕೊಂಬೆಗಳ ಮೇಲೆ ಬೂದುಬಿಳಿ ಪುಡಿ ಇರುತ್ತದೆ, ಉಜ್ಜಿದರೆ ಹೋಗುತ್ತದೆ. ಮುಳ್ಳು ಕೊಕ್ಕೆಯಂತೆ ಬಾಗಿರುತ್ತದೆ. ಹೂವು ಸಣ್ಣದು, ಗುಲಾಬಿ ಬಣ್ಣದ್ದು. ಹಣ್ಣು ಮೊದಲು ಕೆಂಪು, ಮಾಗಿದಾಗ ಕಡು ನೇರಳೆ ಕಪ್ಪು. ಕಿತ್ತರೆ ನಡುವಿನ ದಿಂಡು ಗಿಡದಲ್ಲೇ ಉಳಿದು, ಹಣ್ಣು ಟೊಪ್ಪಿಯಂತೆ ಪೊಳ್ಳಾಗಿ ಕೈಗೆ ಬರುತ್ತದೆ. ಹಿಪ್ಪುನೇರಳೆ ಹಣ್ಣು ಹಾಗೆ ಬರುವುದಿಲ್ಲ, ಆ ಗಿಡಕ್ಕೆ ಮುಳ್ಳೂ ಇಲ್ಲ.

ಇದರ ಸಂಬಂಧಿ ಇನ್ನೊಂದಿದೆ, ಹಳದಿ ಹಣ್ಣಿನದು, ರೂಬಸ್ ಎಲಿಪ್ಟಿಕಸ್. ಅದಕ್ಕೆ ಮೂರೇ ಕಿರುಎಲೆ, ಬಿಳಿ ಹೂವು, ಕೊಂಬೆ ತುಂಬ ಕೆಂಚು ಕೂದಲು. ಅದನ್ನೂ ತಿನ್ನಬಹುದು, ತುಂಬ ರುಚಿ. ಮಕ್ಕಳಿಗೆ ತೋರಿಸುವಾಗ ಲಂಟಾನದ ಬಗ್ಗೆ ಹೇಳಲೇಬೇಕು. ಅದರ ಹಣ್ಣೂ ಕಪ್ಪು, ಗೊಂಚಲಲ್ಲೇ ಇರುತ್ತದೆ, ಕಾಯಿ ವಿಷ. ಆದರೆ ಲಂಟಾನದ ಕಾಂಡ ಚೌಕ, ಎಲೆಗಳು ಎದುರುಬದುರು, ಹಿಸುಕಿದರೆ ಘಾಟು ವಾಸನೆ. ಅದರ ಒಂದೊಂದು ಕಾಳೂ ನುಣುಪಾಗಿ ಬಿಡಿಬಿಡಿಯಾಗಿರುತ್ತದೆ.

ಮೀಸಲು ಅರಣ್ಯದಿಂದ ಗಿಡ ಕೀಳುವ ಹಾಗಿಲ್ಲ. ಕೀಳುವ ಅಗತ್ಯವೂ ಇಲ್ಲ. ಪಕ್ಕದ ತೋಟದವರನ್ನು ಕೇಳಿ ಅವರ ಬೇಲಿಯ ಪೊದೆಯಲ್ಲೇ ನಾನು ಸಸಿ ಮಾಡಿಕೊಂಡೆ. ಬೀಜದ ಸಿಪ್ಪೆ ಗಟ್ಟಿ, ಮೊಳೆಯಲು ತುಂಬ ತಡ. ಅದರ ಬದಲು ಕೊಂಬೆಯ ತುದಿ ಹೂಳುವುದು ಸುಲಭ. ಮಳೆ ಹಿಡಿದ ಮೇಲೆ ಆ ವರ್ಷದ ಉದ್ದ ಕೊಂಬೆಯೊಂದನ್ನು ಬಗ್ಗಿಸಿ, ತುದಿಯನ್ನು ಮೂರ್ನಾಲ್ಕು ಅಂಗುಲ ಆಳ ಮಣ್ಣಿಗೆ ಇಟ್ಟು ಮೇಲೊಂದು ಕಲ್ಲು ಹೇರಿದೆ. ನಮ್ಮ ಮಳೆಗಾಲದಲ್ಲಿ ನೀರು ಹಾಕುವ ಕೆಲಸವೇ ಇಲ್ಲ ಅಲ್ವಾ. ಮೆಲ್ಲಗೆ ಎಳೆದಾಗ ಗಟ್ಟಿಯಾಗಿ ಹಿಡಿದುಕೊಂಡರೆ ಬೇರು ಬಂದಿದೆ ಅಂತ ಅರ್ಥ. ಆಗ ಒಂದಡಿ ಕೊಂಬೆ ಬಿಟ್ಟು ತಾಯಿಗಿಡದಿಂದ ಕತ್ತರಿಸಿ, ಮಣ್ಣಿನ ಸಮೇತ ಎತ್ತಿ ಕಾಫಿ ಸಸಿಯ ಪ್ಯಾಕೆಟ್ಟಿಗೆ ಹಾಕಿ ನೆರಳಲ್ಲಿಟ್ಟೆ.

ನೆಟ್ಟಿದ್ದು ಬೆಳಗಿನ ಬಿಸಿಲು ಬೀಳುವ ಇಳಿಜಾರಿನಲ್ಲಿ, ಗಿಡದಿಂದ ಗಿಡಕ್ಕೆ ಎಂಟಡಿ ಬಿಟ್ಟು. ನೀರು ನಿಂತರೆ ಬೇರು ಕೊಳೆಯುತ್ತದೆ, ಹಾಗಾಗಿ ಮಣ್ಣು ಏರಿಸಿ ದಿಬ್ಬ ಮಾಡಿದೆ. ಬುಡಕ್ಕೆ ಕೊಟ್ಟಿಗೆ ಗೊಬ್ಬರ, ಮೇಲೆ ದಪ್ಪಗೆ ದರಗು. ಎರಡು ಗೂಟ ನೆಟ್ಟು ತಂತಿ ಬಿಗಿದು ಕೊಂಬೆಗಳನ್ನು ಅದಕ್ಕೆ ಕಟ್ಟಿದೆ.

ಬೆಳೆಸಿದ ಮೇಲೆ ನಿಜವಾದ ಕೆಲಸ ಅಂದರೆ ಕತ್ತರಿಸುವುದು. ಹಣ್ಣು ಕೊಟ್ಟ ಕೊಂಬೆಯ ಆಯಸ್ಸು ಅಲ್ಲಿಗೆ ಮುಗಿಯಿತು. ಕೊಯ್ಲು ಮುಗಿದ ಕೂಡಲೇ ಅದನ್ನು ಬುಡಕ್ಕೇ ಕತ್ತರಿಸುತ್ತೇನೆ. ಬುಡದಿಂದ ಎದ್ದ ಹೊಸ ಹಿಳ್ಳುಗಳಲ್ಲಿ ದಪ್ಪನೆಯ ನಾಲ್ಕೈದು ಮಾತ್ರ ಉಳಿಸಿ, ಎದೆಯೆತ್ತರಕ್ಕೆ ಬಂದಾಗ ತುದಿ ಚಿವುಟುತ್ತೇನೆ. ಆಗ ಪಕ್ಕದ ಕವಲು ಒಡೆಯುತ್ತದೆ, ಹಣ್ಣು ಬಿಡುವುದೂ ಆ ಕವಲುಗಳಲ್ಲೇ ಜಾಸ್ತಿ. ದಪ್ಪ ಚರ್ಮದ ಕೈಗವಸು ಬೇಕೇ ಬೇಕು. ಸುಮ್ನೆ ಬಿಟ್ಟರೆ ತುದಿ ನೆಲ ಮುಟ್ಟಿದ ಕಡೆಯೆಲ್ಲ ಇನ್ನೊಂದು ಗಿಡ ಏಳುತ್ತದೆ. ಗಲಾಪಗೋಸ್ ದ್ವೀಪಗಳಲ್ಲಿ ಇದೇ ಗಿಡ ಕಳೆಯಾಗಿ ಅಲ್ಲಿನ ಕಾಡನ್ನೇ ನುಂಗುತ್ತಿದೆ. ಹಳದಿ ಹಣ್ಣಿನದಂತೂ ಜಗತ್ತಿನ ಅತಿ ಕೆಟ್ಟ 100 ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿದೆ, ಹವಾಯಿಯಲ್ಲಿ ಅದರ ಕಾಟ ಹೇಳತೀರದು. ಹೊರದೇಶದಲ್ಲಿರುವ ನಮ್ಮವರು ಬೀಜ ಕೇಳಿದರೆ ನಾನು ಕಳಿಸುವುದಿಲ್ಲ. ಇಲ್ಲಿ ಇದು ನಮ್ಮ ಗುಡ್ಡದ್ದೇ ಗಿಡ, ಪಿಕಳಾರಗಳಿಗೂ ಇದೇ ಊಟ. ಅವಕ್ಕೆಂದೇ ಬೇಲಿಯ ಹೊರಗಿನ ಸಾಲಿಗೆ ನಾನು ಬಲೆ ಹಾಕುವುದಿಲ್ಲ.

ಹಣ್ಣನ್ನು ಬೆಳಿಗ್ಗೆ ಇಬ್ಬನಿ ಆರಿದ ಮೇಲೆ ಬಿಡಿಸಬೇಕು, ಅಗಲ ತಟ್ಟೆಯಲ್ಲಿ ಒಂದೇ ಪದರ. ಬುಟ್ಟಿಯಲ್ಲಿ ತುಂಬಿದರೆ ಸಂಜೆಯೊಳಗೆ ರಸವಾಗಿ ಹೋಗುತ್ತದೆ. ಹುಳಿ ಕಡಿಮೆ ಇರುವುದರಿಂದ ಜಾಮ್‌ಗೆ ನಿಂಬೆರಸ ಹಿಂಡಿ, ಹಣ್ಣಿನ ಮುಕ್ಕಾಲು ತೂಕದಷ್ಟು ಸಕ್ಕರೆ ಹಾಕಿ ಸಣ್ಣ ಉರಿಯಲ್ಲಿ ಕಾಯಿಸುತ್ತೇನೆ. ಹಲ್ಲಿಗೆ ಬೀಜ ಸಿಕ್ಕುವುದು ಇಷ್ಟವಿಲ್ಲದವರಿಗೆ ಅರ್ಧ ಭಾಗವನ್ನು ಜರಡಿಯಲ್ಲಿ ಸೋಸಿ ಸೇರಿಸುತ್ತೇನೆ.